ಡ್ಯೂಟಿ ರಿವಾಲ್ವರ್ ಕೈಗೆ ಒಗ್ಗುತ್ತಿಲ್ಲವೇ? ನೋವು ಎಲ್ಲಿದೆ ನೋಡಿ, ಹಿಡಿಯ ದೋಷ ಸಿಗುತ್ತದೆ

ನಾಲ್ಕು ಇಂಚು ಬ್ಯಾರೆಲ್‌ನ ಡ್ಯೂಟಿ ರಿವಾಲ್ವರ್ ಖಾಲಿ ಇದ್ದಾಗ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. ಡಬಲ್ ಆ್ಯಕ್ಷನ್‌ನಲ್ಲಿ, ಅಂದರೆ ಹ್ಯಾಮರ್ (ಗುಂಡು ಸಿಡಿಸುವ ಸುತ್ತಿಗೆ) ಮೊದಲೇ ಎಳೆದಿಡದೆ ಟ್ರಿಗರ್ ಒಂದರಿಂದಲೇ ಹಾರಿಸುವಾಗ, ಅದನ್ನು ಎಳೆಯಲು 10ರಿಂದ 12 ಪೌಂಡ್ ಬಲ ಬೇಕು, ಅಂದರೆ ನಾಲ್ಕೂವರೆಯಿಂದ ಐದೂವರೆ ಕಿಲೋ. ಒಂದು ಕಿಲೋದ ವಸ್ತುವನ್ನು ಅಲುಗಾಡದ ಹಾಗೆ ಹಿಡಿಯಬೇಕು, ಅದೇ ಕೈಯ ಒಂದು ಬೆರಳಿನಿಂದ ಐದು ಕಿಲೋ ಎಳೆಯಬೇಕು. ಈ ಕೆಲಸದಲ್ಲಿ ಕೈಗೆ ಆಸರೆ ಕೊಡುವುದು ಹಿಡಿ ಒಂದೇ. ಅದು ಸರಿ ಇಲ್ಲದಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಗುಂಡು ಬೇಕಾದಲ್ಲಿ ಬೀಳುವುದಿಲ್ಲ. ಜನ ಗುರಿ ನೋಡುವ ಸೈಟ್ ಬದಲಾಯಿಸುತ್ತಾರೆ, ತೋಟಾ ಬದಲಾಯಿಸುತ್ತಾರೆ, ಸ್ಪ್ರಿಂಗ್ ಕತ್ತರಿಸಲು ಹೋಗುತ್ತಾರೆ. ಹಿಡಿಯನ್ನು ಮಾತ್ರ ಕೊನೆಗೆ ನೋಡುತ್ತಾರೆ. ಅದನ್ನೇ ಮೊದಲು ನೋಡಬೇಕು.

ಇಲ್ಲಿ ಉದಾಹರಣೆಗೆ ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಕೆ ಫ್ರೇಮ್ (ಫ್ರೇಮ್ ಅಂದರೆ ಗನ್ನಿನ ಕಬ್ಬಿಣದ ಒಡಲು, ಕೆ ಅದರ ಅಳತೆಯ ಹೆಸರು) ರಿವಾಲ್ವರ್ ತೆಗೆದುಕೊಂಡಿದ್ದೇನೆ. 1899ರಲ್ಲಿ ಮಿಲಿಟರಿ ಆ್ಯಂಡ್ ಪೊಲೀಸ್ ಎಂಬ ಹೆಸರಲ್ಲಿ ಬಂದು, 1957ರಿಂದ ಮಾಡೆಲ್ 10 ಅನ್ನಿಸಿಕೊಂಡ .38 ಸ್ಪೆಷಲ್ ತೋಟಾ ಹಾಕುವ ಗನ್ ಇದು. ಅಮೆರಿಕದ ಪೊಲೀಸರ ಸೊಂಟದಲ್ಲಿ ತಲೆಮಾರುಗಟ್ಟಲೆ ಇದ್ದದ್ದು ಇದೇ. 1980ರ ದಶಕದ ಕೊನೆಯಿಂದ ಪೊಲೀಸರು ಪಿಸ್ತೂಲಿಗೆ ಹೋದರು, ಸರಿ. ಆದರೆ ಸೆಕ್ಯೂರಿಟಿ ಗಾರ್ಡ್‌ಗಳು, ನಿವೃತ್ತ ಪೊಲೀಸರು, ಸ್ಪರ್ಧೆಗೆ ಹೋಗುವವರು ಈಗಲೂ ರಿವಾಲ್ವರ್ ಬಿಟ್ಟಿಲ್ಲ. ಅವರ ದೂರುಗಳೂ ಬದಲಾಗಿಲ್ಲ.

ಮುಟ್ಟುವ ಮೊದಲು

ಸಿಲಿಂಡರ್ ತೆರೆಯಿರಿ, ತೋಟಾ ಹೊರಗೆ ತೆಗೆಯಿರಿ, ತೋಟಾ ಕೂರುವ ಆರೂ ತೂತುಗಳನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ನೋಡಿ. ನಿಜವಾದ ತೋಟಾಗಳನ್ನು ಬೇರೆ ಕೋಣೆಯಲ್ಲಿ ಇಡಿ. ಕೆಳಗೆ ಹೇಳುವ ಪರೀಕ್ಷೆಗಳೆಲ್ಲ ಖಾಲಿ ಗನ್ನಿನಲ್ಲಿ ಅಥವಾ ಡಮ್ಮಿ ತೋಟಾದಲ್ಲಿ, ಗುಂಡು ತಡೆಯುವ ಗೋಡೆಯ ಕಡೆ ಮುಖ ಮಾಡಿ. ಗನ್ ಇಲಾಖೆಯದ್ದೋ ಕಂಪನಿಯದ್ದೋ ಆಗಿದ್ದರೆ ಹಿಡಿ ಬದಲಿಸುವ ಮುನ್ನ ಆರ್ಮರರ್ (ಗನ್‌ಗಳನ್ನು ನೋಡಿಕೊಳ್ಳುವವರು) ಹತ್ತಿರ ಕೇಳಿ. ಯಾವ ಹಿಡಿಗೆ ಅನುಮತಿ ಇದೆ ಎಂದು ಹಲವು ಕಡೆ ಪಟ್ಟಿಯೇ ಇರುತ್ತದೆ. ಭಾರತದಲ್ಲಿ ಲೈಸೆನ್ಸ್ ಗನ್ ಇದ್ದವರು ಈ ಕೆಲಸವನ್ನು ಲೈಸೆನ್ಸ್ ಇರುವ ಡೀಲರ್ ಹತ್ತಿರವೇ ಮಾಡಿಸಿ.

ಅಂಗಡಿಯಲ್ಲಿ ಹಿಡಿದು ನೋಡಿ "ಆಹಾ, ಕೈಗೆ ಸರಿಯಾಗಿ ಕೂತಿತು" ಅನ್ನುವುದನ್ನು ನಾನು ನಂಬುವುದಿಲ್ಲ. ಕುರ್ಚಿಯಲ್ಲಿ ಕೂತು ಚಪ್ಪಲಿ ಹಾಕಿ ನೋಡಿದ ಹಾಗೆ ಅದು. ನಡೆದರೆ ತಾನೇ ಎಲ್ಲಿ ಕಚ್ಚುತ್ತದೆ ಅಂತ ಗೊತ್ತಾಗುವುದು? ಆದ್ದರಿಂದ ಒಂದು ಪೆಟ್ಟಿಗೆ ತೋಟಾ ಹಾರಿಸಿ ಬನ್ನಿ. ಆಮೇಲೆ ಕೈಯನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲಿ ಕೆಂಪಾಗಿದೆ, ಎಲ್ಲಿ ತರಚಿದೆ, ಯಾವ ಗಂಟು ನೋಯುತ್ತಿದೆ ಅನ್ನುವುದರಿಂದಲೇ ಶುರು ಮಾಡೋಣ.

ನಡುಬೆರಳಿನ ಗಂಟು ನೋಯುತ್ತಿದೆ

ಇದು ಅತಿ ಹಳೆಯ ದೂರು, ಅತಿ ಸುಲಭದ ಪರಿಹಾರ. ಟ್ರಿಗರ್ ಸುತ್ತಲಿನ ಕಬ್ಬಿಣದ ಬಳೆ, ಅಂದರೆ ಟ್ರಿಗರ್ ಗಾರ್ಡ್‌ನ ಹಿಂಭಾಗ ಬಾಗಿ ಹಿಡಿಗೆ ಸೇರುವಲ್ಲಿ ಒಂದು ಖಾಲಿ ಜಾಗ ಇರುತ್ತದೆ. ಮರದ ತೆಳು ಪಟ್ಟಿಗಳ ಮೂಲ ಹಿಡಿ ಈ ಜಾಗವನ್ನು ಮುಚ್ಚುವುದಿಲ್ಲ. ಕೈಯನ್ನು ಮೇಲೆ ಹಿಡಿದರೆ ನಡುಬೆರಳು ಆ ಖಾಲಿಯೊಳಗೆ ಹೋಗಿ ಗಾರ್ಡ್‌ನ ಕಬ್ಬಿಣಕ್ಕೆ ತಾಗಿ ನಿಲ್ಲುತ್ತದೆ. ಪ್ರತಿ ಗುಂಡಿಗೂ ಗಾರ್ಡ್ ಅದೇ ಗಂಟಿಗೆ ಬಡಿಯುತ್ತದೆ.

1935ರಲ್ಲಿ .357 ಮ್ಯಾಗ್ನಮ್ ಎಂಬ ಹೆಚ್ಚು ಬಲದ ತೋಟಾ ಬಂದಾಗ ಮ್ಯಾಗ್ನಾ ಎಂಬ ಹಿಡಿಯೂ ಬಂತು. ಅದು ಹಿಂದುಗಡೆ ಮೇಲಿನವರೆಗೆ ಏರಿ, ಹೆಬ್ಬೆರಳಿನ ಕವಲಿಗೆ ಒಳ್ಳೆಯ ಆಸರೆ ಕೊಟ್ಟಿತು. ಮುಂದಿನ ಖಾಲಿ ಜಾಗ ಮಾತ್ರ ಹಾಗೇ ಉಳಿಯಿತು. ಆ ಜಾಗ ತುಂಬಲು ಅಡಾಪ್ಟರ್‌ಗಳು ಬಂದವು. ಒಕ್ಲಹೋಮಾದ ಟೈಲರ್ ಟಿ-ಗ್ರಿಪ್ ಅಲ್ಯೂಮಿನಿಯಂ ಎರಕದ್ದು, ಪ್ಯಾಕ್‌ಮೇರ್ ಅಡಾಪ್ಟರ್ ರಬ್ಬರಿನದ್ದು. ಎರಡರಲ್ಲೂ ತೆಳು ಲೋಹದ ಕ್ಲಿಪ್ ಇರುತ್ತದೆ, ಅದನ್ನು ಮರದ ಪಟ್ಟಿಗಳ ಅಡಿಗೆ ಸಿಕ್ಕಿಸಿ ಸ್ಕ್ರೂ ಬಿಗಿದರೆ ಮುಗಿಯಿತು.

ಪರೀಕ್ಷೆ ಹೀಗೆ. ಗನ್ ಹಿಡಿದು, ನಡುಬೆರಳಿನ ಮೇಲಂಚು ಗಾರ್ಡ್‌ಗೆ ತಾಗುವಲ್ಲಿ ಒಂದು ಕಾಗದದ ಚೂರು ಇಡಿ. ಇನ್ನೊಂದು ಕೈಯಿಂದ ಎಳೆಯಿರಿ. ಸ್ವಲ್ಪ ತಡೆದು ಬಂದರೆ ಸರಿ. ಹರಿದು ಬಂದರೆ ಕೈ ನಿಂತಿರುವುದೇ ಆ ಗಂಟಿನ ಮೇಲೆ ಎಂದರ್ಥ, ಅಡಾಪ್ಟರ್ ಬೇಕು. ತೀರಾ ಸಡಿಲವಾಗಿ ಜಾರಿ ಬಂದರೆ ತುಂಬಿಸಿದ್ದು ಜಾಸ್ತಿಯಾಯಿತು. ಕೈ ಕೆಳಗೆ ಇಳಿದಿರುತ್ತದೆ, ಗುಂಡು ಹಾರಿದಾಗ ಬ್ಯಾರೆಲ್ ಇನ್ನಷ್ಟು ಮೇಲೆ ಚಿಮ್ಮುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಸಾಧಾರಣ ಅಳತೆಯ ಕೈಗೆ ಮ್ಯಾಗ್ನಾ ಹಿಡಿ ಮತ್ತು ಒಂದು ಅಡಾಪ್ಟರ್ ಇಂದಿಗೂ ಉತ್ತಮ ಜೋಡಿ. ತೆಳ್ಳಗಿದೆ, ಅಂಗಿಗೆ ಸಿಕ್ಕಿಕೊಳ್ಳುವುದಿಲ್ಲ, ಖರ್ಚೂ ಕಡಿಮೆ.

ಹೆಬ್ಬೆರಳಿನ ಬುಡ ನೋಯುತ್ತಿದೆ, ಗುಂಡು ಒಂದು ಪಕ್ಕಕ್ಕೆ ಹೋಗುತ್ತಿದೆ

ಇದನ್ನು ನಿಧಾನವಾಗಿ ಓದಿ. ಹಿಡಿಯ ದೋಷಗಳಲ್ಲಿ ಹೆಚ್ಚಿನ ಹಾನಿ ಮಾಡುವುದು ಇದೇ, ಆದರೆ ಬೇಗ ಕಣ್ಣಿಗೆ ಬೀಳುವುದಿಲ್ಲ.

ಸರಿಯಾದ ಹಿಡಿತದಲ್ಲಿ ಬ್ಯಾರೆಲ್, ಮಣಿಕಟ್ಟು, ಮುಂಗೈ ಒಂದೇ ಗೆರೆಯಲ್ಲಿ ಇರುತ್ತವೆ. ಗುಂಡಿನ ಹಿಂದೇಟು ನೇರ ಮುಂಗೈಗೆ ಬರುತ್ತದೆ, ಇಡೀ ತೋಳು ಅದನ್ನು ತಡೆದುಕೊಳ್ಳುತ್ತದೆ. ಕೈ ಚಿಕ್ಕದಾಗಿ ಹಿಡಿ ದಪ್ಪ ಆದರೆ ತೋರುಬೆರಳು ಟ್ರಿಗರ್‌ಗೆ ಮುಟ್ಟುವುದಿಲ್ಲ. ಆಗ ಏನಾಗುತ್ತದೆ? ಬೆರಳು ಮುಟ್ಟಲಿ ಅಂತ ಕೈ ತಾನಾಗಿಯೇ ಹಿಡಿಯ ಸುತ್ತ ತಿರುಗುತ್ತದೆ. ಗನ್ನಿನ ಬೆನ್ನು, ಅಂದರೆ ಹಿಡಿಯ ಹಿಂಬದಿ, ಅಂಗೈ ಕವಲನ್ನು ಬಿಟ್ಟು ಹೆಬ್ಬೆರಳಿನ ಬುಡದ ಮೂಳೆಯ ಮೇಲೆ ಕೂರುತ್ತದೆ. ಐದಾರು ಗುಂಡಿಗೆ ಏನೂ ಅನ್ನಿಸುವುದಿಲ್ಲ. ಐವತ್ತಕ್ಕೆ ಆ ಮೂಳೆ ಬಾವು ಬರುತ್ತದೆ.

ನಮ್ಮ ರೇಂಜ್‌ಗೆ ಬರುವ ಒಬ್ಬ ಹೆಣ್ಣುಮಗಳು ರಾತ್ರಿ ಪಾಳಿಯ ಗಾರ್ಡ್. ಅವರ ಗನ್ನಿಗೆ ದಪ್ಪ ರಬ್ಬರ್ ಹಿಡಿ ಹಾಕಿ ಕೊಟ್ಟಿದ್ದರು. "ಹೆಂಗಸರ ಕೈ ಅಲ್ವಾ, ಮೆತ್ತಗಿರಲಿ" ಅನ್ನುವ ಲೆಕ್ಕ. ಪಕ್ಕದಲ್ಲಿ ನಿಂತು ನೋಡಿದರೆ ಬೆರಳಿನ ತುದಿಯ ಉಗುರಿನ ಭಾಗ ಮಾತ್ರ ಟ್ರಿಗರ್ ಮೇಲಿತ್ತು. ಎಳೆಯುವಾಗ ಬೆರಳು ಟ್ರಿಗರ್ ಅನ್ನು ಹಿಂದಕ್ಕೆ ತರುವ ಬದಲು ಪಕ್ಕಕ್ಕೆ ತಳ್ಳುತ್ತಿತ್ತು, ಮುಂದಿನ ಸೈಟ್ ಪ್ರತಿ ಸಲ ಎಡಕ್ಕೆ ಸರಿಯುತ್ತಿತ್ತು. ಹೆಬ್ಬೆರಳಿನ ಬುಡದಲ್ಲಿ ನೀಲಿ ಗುರುತು. ರಬ್ಬರ್ ತೆಗೆದು, ಹಿಂಬದಿಯ ಕಬ್ಬಿಣ ತೆರೆದೇ ಇರುವ ತೆಳು ಮರದ ಪಟ್ಟಿ ಹಾಕಿದ ಕೂಡಲೇ ಬೆರಳಿನ ಮೊದಲ ಗೆಣ್ಣಿನ ಗೆರೆ ಟ್ರಿಗರ್ ಮೇಲೆ ಬಂತು. ಹಿಂದೇಟು ಕಬ್ಬಿಣದ ಮೂಲಕ ನೇರ ಕೈಗೆ ಬರುತ್ತಿದ್ದರೂ "ಇದೇ ಮೆತ್ತಗಿದೆ" ಅಂದರು. ಅವರು ಹೇಳಿದ್ದು ನಿಜ. ಹೊಡೆತ ಬೀಳುವ ಜಾಗ ಬದಲಾಗಿತ್ತು.

ನೀವು ನೋಡಬೇಕಾದದ್ದು ಇಷ್ಟು. ಖಾಲಿ ಗನ್ನನ್ನು ಮೊದಲು ಮುಂಗೈ ಗೆರೆಗೆ ಸರಿಯಾಗಿ ಕೂರಿಸಿ, ಆಮೇಲೆ ತೋರುಬೆರಳು ಚಾಚಿ. ಡಬಲ್ ಆ್ಯಕ್ಷನ್‌ಗೆ ಬೆರಳಿನ ತುದಿಯ ಗೆಣ್ಣಿನ ಗೆರೆ ಟ್ರಿಗರ್ ಮೇಲೆ ಬರಬೇಕು. ಬರದಿದ್ದರೆ ಹಿಡಿ ದಪ್ಪವಾಯಿತು. ಅದನ್ನೂ ದಾಟಿ ಬೆರಳು ಆ ಕಡೆ ಹೋಗಿ ಫ್ರೇಮ್‌ಗೆ ಉಜ್ಜುತ್ತಿದ್ದರೆ ಹಿಡಿ ಸಣ್ಣದಾಯಿತು.

ಹಿಡಿ ಕೊಳ್ಳುವಾಗ ನೋಡಬೇಕಾದ ಮುಖ್ಯ ಸಂಗತಿ ಒಂದೇ: ಗನ್ನಿನ ಬೆನ್ನಿನ ಕಬ್ಬಿಣ ಮುಚ್ಚುತ್ತದೆಯೋ, ತೆರೆದಿರುತ್ತದೆಯೋ? ಪ್ಯಾಕ್‌ಮೇರ್ ಪ್ರೆಸೆಂಟೇಷನ್ ಥರದ ರಬ್ಬರ್ ಹಿಡಿ ಬೆನ್ನನ್ನೂ ಮುಚ್ಚುತ್ತದೆ. ಮ್ಯಾಗ್ನಮ್ ತೋಟಾ ಹಾರಿಸುವ ದೊಡ್ಡ ಕೈಗೆ ಅದು ವರವೇ. ಚಿಕ್ಕ ಕೈಗೆ ಆ ಕೆಲವೇ ಮಿಲಿಮೀಟರ್ ಪೂರಾ ಆಟ ಕೆಡಿಸುತ್ತದೆ. ಬೆನ್ನನ್ನು ತೆರೆದೇ ಬಿಡುವ ರಬ್ಬರ್ ಹಿಡಿಗಳೂ ಇವೆ. ದೊಡ್ಡ ಕೈಯವರಿಗೆ ಬಿಲ್ ಜಾರ್ಡನ್ ಅವರ ಹೆಸರಿನ ಹಿಡಿ ಇದೆ. ಅವರು ಅಮೆರಿಕದ ಬಾರ್ಡರ್ ಪೆಟ್ರೋಲ್‌ನಲ್ಲಿ ಇದ್ದವರು, ಆರಡಿ ಮೀರಿದ ಆಳು, ಅಗಲ ಕೈ. ಐಡಾಹೋದ ಹೆರೆಟ್ ಕಂಪನಿ ಮಾಡಿಕೊಟ್ಟ ಆ ಮರದ ಹಿಡಿಯಲ್ಲಿ ಬೆರಳಿಗೆ ತೋಡು ಇಲ್ಲ, ಎಲ್ಲ ನುಣುಪು, ಅಂಗೈ ತುಂಬುವಷ್ಟು ದಪ್ಪ. ಅವರ ಹೆಸರು ನೋಡಿ ಚಿಕ್ಕ ಕೈಯವರು ಅದನ್ನು ಕೊಳ್ಳಬೇಡಿ.

ಫ್ರೇಮ್‌ನ ಹಿಡಿ ಕೂರುವ ಭಾಗ ಚೌಕ ತಳದ್ದೋ ದುಂಡು ತಳದ್ದೋ ಅನ್ನುವುದನ್ನೂ ಮೊದಲೇ ಗುರುತಿಸಿ. ದುಂಡು ತಳಕ್ಕೆ ಚೌಕ ಆಕಾರದ ಹಿಡಿ ಹಾಕಬಹುದು, ಹಾಗೆಂದೇ ಮಾಡಿದ ಹಿಡಿಗಳು ಸಿಗುತ್ತವೆ. ಚೌಕ ತಳಕ್ಕೆ ದುಂಡು ಹಿಡಿ ಹಾಕಲು ಕಬ್ಬಿಣವನ್ನೇ ಕತ್ತರಿಸಬೇಕು. ಕೆ ಮತ್ತು ಎಲ್ ಫ್ರೇಮ್‌ಗಳಿಗೆ ಒಂದೇ ಹಿಡಿ ಹೊಂದುತ್ತದೆ. ಜೆ ಫ್ರೇಮ್ ಚಿಕ್ಕದು, ಅದರದ್ದು ಬೇರೆ.

ಬೆರಳಿನ ತೋಡುಗಳು

ಡ್ಯೂಟಿ ಗನ್ನಿಗೆ ನನಗೆ ಇಷ್ಟವಿಲ್ಲ. ತೋಡುಗಳನ್ನು ಯಾವುದೋ ಸರಾಸರಿ ಕೈಗೆ ಕೊರೆದಿರುತ್ತಾರೆ. ನಿಮ್ಮ ಬೆರಳು ಅದಕ್ಕೆ ಸರಿಯಾಗಿ ಕೂತರೆ ಅದೃಷ್ಟ. ಕೂರದಿದ್ದರೆ ಏಣು ಬೆರಳಿನ ಕೆಳಗೇ ಬರುತ್ತದೆ. ಅವಸರದಲ್ಲಿ ಹೋಲ್ಸ್ಟರ್‌ನಿಂದ (ಸೊಂಟದ ಗನ್ ಚೀಲದಿಂದ) ಎಳೆದಾಗ ಕೈ ಸ್ವಲ್ಪ ಆಚೀಚೆ ಬಿದ್ದರೂ ಸರಿಪಡಿಸಿಕೊಳ್ಳಲು ತೋಡು ಬಿಡುವುದಿಲ್ಲ.

ಖಾಲಿ ತೋಟಾ ಸಿಕ್ಕಿಕೊಳ್ಳುತ್ತದೆ, ಸ್ಪೀಡ್‌ಲೋಡರ್ ಒಳಗೆ ಹೋಗುವುದಿಲ್ಲ

1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಹತ್ತಿರ ನಡೆದ ಗುಂಡಿನ ಕಾಳಗದಲ್ಲಿ ಹೈವೇ ಪೆಟ್ರೋಲ್‌ನ ನಾಲ್ವರು ತೀರಿಕೊಂಡರು. ಅವರಲ್ಲೊಬ್ಬರು ಸೊಂಟದ ಚೀಲದಿಂದ ಬಿಡಿ ತೋಟಾ ತೆಗೆದು ಒಂದೊಂದಾಗಿ ತುಂಬುತ್ತಿದ್ದರು. ಆ ಘಟನೆಯ ನಂತರ ತರಬೇತಿ ಬದಲಾಯಿತು, ಆರೂ ತೋಟಾ ಒಟ್ಟಿಗೆ ತುಂಬುವ ಸ್ಪೀಡ್‌ಲೋಡರ್ ಪೊಲೀಸರ ಬೆಲ್ಟಿಗೆ ಬಂತು. ಆಗ ಹಿಡಿಯ ಹೊಸ ದೋಷವೊಂದು ಎಲ್ಲರಿಗೂ ಕಂಡಿತು. ತೆರೆದ ಸಿಲಿಂಡರ್ ಎಡಗಡೆಗೆ ಬರುತ್ತದೆ. ಎಡ ಪಟ್ಟಿಯ ಮೇಲ್ಭಾಗ ದಪ್ಪ ಇದ್ದರೆ ಲೋಡರ್‌ನ ಅಂಚು ಅದಕ್ಕೆ ಬಡಿಯುತ್ತದೆ, ಓರೆಯಾಗುತ್ತದೆ, ಐದು ತೋಟಾ ಒಳಗೆ ಹೋಗಿ ಆರನೆಯದು ಹೊರಗೇ ಉಳಿಯುತ್ತದೆ. ಖಾಲಿ ತೋಟಾ ಹೊರಗೆ ತಳ್ಳುವಾಗಲೂ ಹಿಡಿಯ ಪಕ್ಕದಲ್ಲಿರುವುದು ಅಲ್ಲೇ ನಿಂತುಬಿಡುತ್ತದೆ.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನು ಒಂದೇ ಅಂದುಕೊಳ್ಳುವವರು ಜಾಸ್ತಿ. ಖಾಲಿ ತೋಟಾ ಸಿಲಿಂಡರ್‌ಗೂ ಹಿಡಿಗೂ ನಡುವೆ ಸಿಕ್ಕಿದ್ದರೆ ತಪ್ಪು ಹಿಡಿಯದ್ದು. ಅದು ಎಜೆಕ್ಟರ್‌ನ (ರಾಡ್ ಒತ್ತಿದಾಗ ಖಾಲಿ ತೋಟಾಗಳನ್ನು ಹೊರಗೆ ತಳ್ಳುವ ಭಾಗ) ನಕ್ಷತ್ರಾಕಾರದ ಭಾಗದ ಅಡಿಗೆ ಹೋಗಿ ಕೂತಿದ್ದರೆ ತಪ್ಪು ಹಿಡಿಯದ್ದಲ್ಲ. ಬ್ಯಾರೆಲ್ ಕೆಳಮುಖ ಇರುವಾಗ ರಾಡ್ ಒತ್ತಿದ್ದೀರಿ, ಅಥವಾ ಅರ್ಧ ಒತ್ತಿ ಬಿಟ್ಟಿದ್ದೀರಿ. ಬ್ಯಾರೆಲ್ ಮೇಲ್ಮುಖ ಮಾಡಿ ಒಂದೇ ಏಟಿಗೆ ರಾಡ್ ಪೂರ್ತಿ ಒತ್ತಿ ನೋಡಿ. ಹಾಗೆ ಮಾಡಿದರೂ ಹಿಡಿಯ ಪಕ್ಕದ್ದೇ ನಿಲ್ಲುತ್ತಿದ್ದರೆ ಮುಂದಿನ ಕೆಲಸಕ್ಕೆ ಹೋಗಿ.

ಡಮ್ಮಿ ತೋಟಾದ ತಳದ ಅಂಚಿಗೂ ಲೋಡರ್‌ನ ಅಂಚಿಗೂ ಲಿಪ್‌ಸ್ಟಿಕ್ ಬಳಿಯಿರಿ. ತುಂಬಿ, ಹೊರಗೆ ತಳ್ಳಿ, ಮತ್ತೆ ತುಂಬಿ. ಎಡ ಪಟ್ಟಿಯ ಮೇಲೆ ಎಲ್ಲಿ ಬಣ್ಣ ಹತ್ತಿತೋ ಅಲ್ಲಿ ಮಾತ್ರ ಮರ ತೆಗೆಯಬೇಕು. ಪಟ್ಟಿಯನ್ನು ಗನ್ನಿನಿಂದ ಬಿಚ್ಚಿ, ಅರೆದುಂಡು ಅರದಿಂದ ಸ್ವಲ್ಪ ಉಜ್ಜಿ, ಕೂರಿಸಿ, ಮತ್ತೆ ಬಣ್ಣ ಹಚ್ಚಿ ನೋಡಿ. ಒಂದೇ ಸಲ ಆಳಕ್ಕೆ ಹೋಗಬೇಡಿ. ಕೊನೆಗೆ ನಯವಾದ ಸ್ಯಾಂಡ್‌ಪೇಪರ್ ಹಾಕಿ, ಬೋಳಾದ ಮರಕ್ಕೆ ಎಣ್ಣೆಯ ಪಾಲಿಶ್ ಕೊಡಿ, ಇಲ್ಲದಿದ್ದರೆ ಅಲ್ಲಿಂದ ಬೆವರು ಇಳಿಯುತ್ತದೆ. ರಬ್ಬರ್ ಹಿಡಿಯಾದರೆ ಉಜ್ಜಲು ಹೋಗಬೇಡಿ, ಎಡಭಾಗದಲ್ಲಿ ಮೊದಲೇ ತಗ್ಗು ಮಾಡಿರುವುದನ್ನು ಕೊಳ್ಳಿ. ನೀವು ಬಳಸುವ ಲೋಡರ್ ಎಚ್‌ಕೆಎಸ್ ಕಂಪನಿಯದ್ದೋ ಸಫಾರಿಲ್ಯಾಂಡ್ ಕಂಪನಿಯದ್ದೋ, ಅದನ್ನೇ ಇಟ್ಟು ಪರೀಕ್ಷೆ ಮಾಡಿ. ಎರಡರ ಆಕಾರ ಬೇರೆ. ಒಂದು ಸುಸೂತ್ರವಾಗಿ ಹೋದರೆ ಇನ್ನೊಂದೂ ಹೋಗುತ್ತದೆ ಅಂತ ಏನಿಲ್ಲ.

ಗನ್ ಕೈಯಲ್ಲಿ ಜಾರುತ್ತದೆ

ಒಂದು ಗುಂಡಿನಿಂದ ಇನ್ನೊಂದು ಗುಂಡಿಗೆ ಕೈ ಮತ್ತೆ ಸರಿಮಾಡಿಕೊಳ್ಳಬೇಕಾಗುತ್ತಿದೆಯೇ? ಹಿಡಿಯ ಮೇಲ್ಭಾಗ ತೀರಾ ತೆಳ್ಳಗಿದೆ, ಅಥವಾ ಮೇಲ್ಮೈ ತೀರಾ ನುಣುಪಾಗಿದೆ. ಚೌಕುಳಿ ಕೆತ್ತನೆಯ ಮರ ಬೆವರಿನಲ್ಲೂ ಹಿಡಿದುಕೊಳ್ಳುತ್ತದೆ, ಆದರೆ ಹೊಸ ಕೆತ್ತನೆ ಅಂಗೈಯನ್ನು ಕೆರೆಯುತ್ತದೆ. ಹಲ್ಲುಜ್ಜುವ ಬ್ರಷ್‌ನಿಂದ ಧೂಳು ತೆಗೆದು, ನಯವಾದ ಸ್ಯಾಂಡ್‌ಪೇಪರ್‌ನಿಂದ ಚೂಪು ತುದಿಗಳನ್ನು ಒಂದೆರಡು ಸಲ ಸವರಿದರೆ ಸಾಕು.

ಬೇರೆ ಹಿಡಿಯೇ ಸಿಗದ ಗನ್ನುಗಳಿವೆ. ನಮ್ಮಲ್ಲಿ ಕಾನ್ಪುರದ ಕಾರ್ಖಾನೆಯಿಂದ ಬರುವ .32 ರಿವಾಲ್ವರ್ ಇಟ್ಟುಕೊಂಡವರಿಗೆ ಇದು ಗೊತ್ತು. ಅಂಥಲ್ಲಿ ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಹಿಡಿಯ ಮೇಲೆ ಬಿಗಿಯಾಗಿ ಏರಿಸಿ ನೋಡಬಹುದು. ಚೆಂದ ಕಾಣದಿದ್ದರೂ ಕೆಲಸ ಆಗುತ್ತದೆ. ಟ್ಯೂಬಿನ ಮೇಲಂಚು ಹ್ಯಾಮರ್‌ಗೂ ಟ್ರಿಗರ್‌ಗೂ ಹತ್ತಿರ ಬರದ ಹಾಗೆ ನೋಡಿಕೊಳ್ಳಿ.

ಹೋಲ್ಸ್ಟರ್ ಮತ್ತು ಬಟ್ಟೆ

ಹೊಸ ಹಿಡಿ ಹಾಕಿದ ಮೇಲೆ ಹೋಲ್ಸ್ಟರ್‌ನ ಪಟ್ಟಿ ಬಟನ್‌ಗೆ ಎಟುಕದಿದ್ದರೆ ಹಿಡಿಯ ಮೇಲ್ಭಾಗ ದಪ್ಪವಾಗಿದೆ. ಪಟ್ಟಿಯನ್ನು ಎಳೆದು ಹಿಗ್ಗಿಸಬೇಡಿ, ಅದು ಗನ್ ಬೀಳದಂತೆ, ಬೇರೆಯವರು ಕಸಿಯದಂತೆ ಕಾಯುವ ಪಟ್ಟಿ. ಕೋಟಿನ ಒಳಗೆ ಗನ್ ಇಡುವವರಿಗೆ ರಬ್ಬರ್ ಒಂದು ಕಾಟ. ಬಟ್ಟೆ ಅದಕ್ಕೆ ಅಂಟಿ ಉಬ್ಬಿ ನಿಲ್ಲುತ್ತದೆ, ಎಳೆಯುವಾಗ ಒಳಪದರವೂ ಜೊತೆಗೆ ಬರುತ್ತದೆ. ಅವರಿಗೆ ನುಣುಪು ಮರವೇ ಸರಿ. ಹೊರಗೆ ಬೆಲ್ಟಿನಲ್ಲಿ, ಮಳೆಯಲ್ಲಿ ಕೆಲಸ ಮಾಡುವವರಿಗೆ ರಬ್ಬರ್ ಸರಿ.

ಹಿಡಿ ಬದಲಿಸಿದ ಮೇಲೆ ಗುಂಡು ಸಿಡಿಯುತ್ತಿಲ್ಲ

ಗಾಬರಿ ಬೇಡ, ಆದರೆ ಗನ್ನನ್ನು ಅದೇ ಸ್ಥಿತಿಯಲ್ಲಿ ಡ್ಯೂಟಿಗೆ ತೆಗೆದುಕೊಂಡು ಹೋಗಬೇಡಿ. ಸ್ಮಿತ್ ಆ್ಯಂಡ್ ವೆಸನ್ ಕೆ ಫ್ರೇಮ್‌ನಲ್ಲಿ ಹಿಡಿಯ ಮುಂಭಾಗದ ಕಬ್ಬಿಣದ ಮೇಲೆ, ಕೆಳಗಡೆ, ಒಂದು ಚಿಕ್ಕ ಸ್ಕ್ರೂ ಇದೆ. ಒಳಗಿನ ಮುಖ್ಯ ಸ್ಪ್ರಿಂಗನ್ನು ಒತ್ತಿ ಹಿಡಿಯುವುದು ಅದೇ. ಅದು ಪೂರ್ತಿ ಬಿಗಿ ಇರಬೇಕು. ಅದು ಸಡಿಲವಾದರೆ ಹ್ಯಾಮರ್ ಏಟು ಮೆತ್ತಗಾಗುತ್ತದೆ, ತೋಟಾದ ತಳದಲ್ಲಿ ಆಳವಿಲ್ಲದ ಗುರುತು ಮಾತ್ರ ಬೀಳುತ್ತದೆ. ಮುಂಭಾಗವನ್ನೂ ಮುಚ್ಚುವ ಹಿಡಿ ಹಾಕಿದರೆ ಆ ಸ್ಕ್ರೂ ಕಣ್ಣಿಗೇ ಬೀಳುವುದಿಲ್ಲ. ಟ್ರಿಗರ್ ಹಗುರ ಆಗಲಿ ಅಂತ ಹಿಂದಿನ ಮಾಲೀಕರು ಅದನ್ನು ಸಡಿಲ ಮಾಡಿಟ್ಟಿರುವುದೂ ಉಂಟು. ಹಿಡಿ ಬಿಚ್ಚಿದಾಗಲೆಲ್ಲ ಅದನ್ನು ನೋಡಿ. ಜೊತೆಗೆ ಹೊಸ ಹಿಡಿಯ ಒಳಮೈ ನೋಡಿ. ಸ್ಪ್ರಿಂಗ್ ಉಜ್ಜಿದ ಹೊಳೆಯುವ ಗೆರೆ ಕಂಡರೆ ಆ ಹಿಡಿ ನಿಮ್ಮ ಗನ್ನಿಗೆ ಹೊಂದುವುದಿಲ್ಲ.

ಹಿಡಿ ಅಲುಗಾಡುತ್ತದೆ, ಸೀಳು ಬಿಟ್ಟಿದೆ

ಫ್ರೇಮ್‌ನ ತಳದಲ್ಲಿ ಒಂದು ಪಿನ್ ಇರುತ್ತದೆ, ಪಟ್ಟಿಯ ಒಳಗೆ ಅದಕ್ಕೊಂದು ತೂತು. ಇವೆರಡೂ ಕೂಡದಿದ್ದರೆ ಪಟ್ಟಿ ಎದ್ದು ನಿಲ್ಲುತ್ತದೆ. ಅದನ್ನು ಸ್ಕ್ರೂ ಬಲದಿಂದ ಕೂರಿಸಲು ಹೋದರೆ ಮರ ಸೀಳುತ್ತದೆ. ಸ್ಕ್ರೂ ತಾಗಿ ನಿಂತ ಮೇಲೆ ಇನ್ನೊಂದಿಷ್ಟು ತಿರುಗಿಸಿದರೆ ಸಾಕು. ಬಿಚ್ಚುವಾಗ ಪಟ್ಟಿಯ ಅಂಚಿಗೆ ಚಾಕು ತೂರಿಸಬೇಡಿ. ಸ್ಕ್ರೂವನ್ನು ಕೆಲವು ಸುತ್ತು ಸಡಿಲಿಸಿ ಅದರ ತಲೆಯನ್ನು ಮೆಲ್ಲಗೆ ಒತ್ತಿ, ಆ ಕಡೆಯ ಪಟ್ಟಿ ತಾನೇ ಏಳುತ್ತದೆ. ಹೋಗ್ ಕಂಪನಿಯ ಒಂದೇ ತುಂಡಿನ ಹಿಡಿಯ ಕೂರಿಸುವ ಕ್ರಮ ಬೇರೆ. ಗೈ ಹೋಗ್ ಎಂಬ ಲಾಸ್ ಏಂಜಲೀಸ್ ಪೊಲೀಸ್ ಅಧಿಕಾರಿ ಶುರು ಮಾಡಿದ ಕಂಪನಿ ಅದು. ಅದರಲ್ಲಿ ಒಂದು ಲೋಹದ ಕೊಂಡಿ ಫ್ರೇಮ್‌ನ ಪಿನ್‌ಗೆ ಸಿಕ್ಕಿಕೊಳ್ಳುತ್ತದೆ, ತಳದಿಂದ ಸ್ಕ್ರೂ ಬಿಗಿಯುತ್ತಾರೆ. ಪಕ್ಕದಲ್ಲಿ ತೂತಿಲ್ಲದ್ದರಿಂದ ಸೀಳುವ ಭಯ ಕಡಿಮೆ.

ಬೆವರು, ತುಕ್ಕು, ಬೀಟೆ ಮರ

ಕರಾವಳಿಯವರಿಗೆ, ಫ್ಲಾರಿಡಾದಂಥ ಕಡೆ ಇರುವವರಿಗೆ ಇದು ಗೊತ್ತೇ ಇದೆ. ತುಕ್ಕು ಹಿಡಿಯ ಹೊರಗೆ ಕಾಣುವ ಮೊದಲೇ ಒಳಗೆ ಶುರುವಾಗಿರುತ್ತದೆ. ರಬ್ಬರ್ ಬೆವರನ್ನು ಒಳಗೇ ಹಿಡಿದಿಡುತ್ತದೆ. ತಿಂಗಳಿಗೊಮ್ಮೆ, ಮಳೆಯಲ್ಲಿ ನೆನೆದ ದಿನ ಆ ರಾತ್ರಿಯೇ, ಹಿಡಿ ಬಿಚ್ಚಿ ಒರೆಸಿ. ಒಳಗಿನ ಕಬ್ಬಿಣಕ್ಕೆ ಎಣ್ಣೆ ಸುರಿಯುವುದಕ್ಕಿಂತ ತೆಳುವಾಗಿ ಮೇಣ ಸವರುವುದು ಒಳ್ಳೆಯದು. ಎಣ್ಣೆ ಜಾಸ್ತಿಯಾದರೆ ಮರ ಮೆತ್ತಗಾಗಿ ಕಪ್ಪಾಗುತ್ತದೆ, ಕೆಲವು ರಬ್ಬರ್ ಊದಿಕೊಳ್ಳುತ್ತದೆ.

ರೋಸ್‌ವುಡ್ ಹಿಡಿ ಅಂತ ಮಾರುವುದರಲ್ಲಿ ನಮ್ಮ ಮಲೆನಾಡಿನ ಬೀಟೆಯ ಜಾತಿಯ ಮರವೂ ಇರುತ್ತದೆ. ಗಟ್ಟಿ, ಭಾರ, ಬೆವರಿಗೆ ಬಗ್ಗದ ಮರ. ಆದರೆ ಕೆಲವರ ಚರ್ಮಕ್ಕೆ ಅದು ಆಗಿಬರುವುದಿಲ್ಲ. ಗುಂಡು ಹಾರಿಸದ ದಿನವೂ ಅಂಗೈ ತುರಿಸುತ್ತಿದ್ದರೆ, ಕೆಂಪು ಗುಳ್ಳೆ ಏಳುತ್ತಿದ್ದರೆ ಅದು ಹಿಂದೇಟಿನ ಗಾಯ ಅಲ್ಲ, ಮರದ ಅಲರ್ಜಿ ಇರಬಹುದು. ವಾರಗಟ್ಟಲೆ ವಾಲ್‌ನಟ್ ಅಥವಾ ರಬ್ಬರ್ ಹಿಡಿ ಹಾಕಿ ನೋಡಿ. ಬೀಟೆ ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲೇಬೇಕು.

ಡ್ಯೂಟಿಗೆ ಕಟ್ಟುವ ಮುಂಚೆ

ಖಾಲಿ ಗನ್ನನ್ನು ಹೋಲ್ಸ್ಟರ್‌ನಲ್ಲಿ ಇಟ್ಟು, ಕಣ್ಣು ಮುಚ್ಚಿ ಹೊರಗೆ ತೆಗೆದು, ಗುರಿಯ ಕಡೆ ಚಾಚಿ ಕಣ್ಣು ಬಿಡಿ. ಸೈಟ್ ಪ್ರತಿ ಸಲ ಒಂದೇ ಕಡೆಗೆ ತಪ್ಪಿದರೆ ಹಿಡಿಯಲ್ಲಿ ಇನ್ನೂ ಕೆಲಸ ಇದೆ. ಒಂದೊಂದು ಸಲ ಒಂದೊಂದು ಕಡೆ ತಪ್ಪಿದರೆ ಹಿಡಿಯನ್ನು ಬಿಟ್ಟು ಅಭ್ಯಾಸ ಮಾಡಿ. ಬರೀ ಎಡಗೈಯಲ್ಲೂ ಟ್ರಿಗರ್ ಎಳೆದು ನೋಡಿ. ಬಲಗೈಗೆಂದೇ ಹೆಬ್ಬೆರಳಿನ ಆಸರೆ ಕೊರೆದ ಹಿಡಿ ಈ ಪರೀಕ್ಷೆಯಲ್ಲಿ ಸೋಲುತ್ತದೆ, ಬಲಗೈಗೆ ಪೆಟ್ಟಾದ ದಿನವೂ ಸೋಲುತ್ತದೆ. ಆಮೇಲೆ ಡ್ಯೂಟಿಯ ತೋಟಾದಲ್ಲೇ ಒಂದು ಪೆಟ್ಟಿಗೆ ಹಾರಿಸಿ. ಹಗುರ ತೋಟಾದಲ್ಲಿ ಹಿತವಾಗಿದ್ದ ಹಿಡಿ ಪೂರ್ತಿ ಬಲದ ತೋಟಾದಲ್ಲಿ ಬೇರೆಯೇ ಥರ ಇರುತ್ತದೆ. ಮುಗಿದ ಮೇಲೆ ಹಿಡಿಯ ಸ್ಕ್ರೂ ಮತ್ತೊಮ್ಮೆ ಬಿಗಿಯಿರಿ, ಹೊಸ ಹಿಡಿ ಮೊದಲ ಸಲ ಸ್ವಲ್ಪ ಸಡಿಲವಾಗಿಯೇ ಆಗುತ್ತದೆ.

ಬಿಚ್ಚಿದ ಮೂಲ ಹಿಡಿಯನ್ನು ಎಸೆಯಬೇಡಿ, ಅದನ್ನು ಉಜ್ಜಿ ಪ್ರಯೋಗ ಮಾಡಲೂ ಹೋಗಬೇಡಿ. ಹಳೆಯ ಎಷ್ಟೋ ಸ್ಮಿತ್ ಆ್ಯಂಡ್ ವೆಸನ್‌ಗಳಲ್ಲಿ ಬಲ ಪಟ್ಟಿಯ ಒಳಮೈಯಲ್ಲಿ ಆ ಗನ್ನಿನ ಸೀರಿಯಲ್ ನಂಬರ್ ಇರುತ್ತದೆ. ಅರ ಹಾಕುವುದಿದ್ದರೆ ಬೇರೆ ಅಗ್ಗದ ಪಟ್ಟಿಗೆ ಹಾಕಿ. ಮೂಲದ್ದನ್ನು ಅದರ ಸ್ಕ್ರೂ ಸಮೇತ ಒಂದು ಬಟ್ಟೆಯಲ್ಲಿ ಸುತ್ತಿ, ಗನ್ನಿನ ಪೆಟ್ಟಿಗೆಯಲ್ಲೇ ಇಡಿ.